ಅನುಕ್ತಾರ್ಥಕ್ಕೆ ಪ್ರಮಾಣವಾವುದು? — ಈಚಿನ ಆಂಗ್ಲ ಕಾದಂಬರಿಯಲ್ಲಿ ಸಾಮ್ರಾಜ್ಯಧ್ವನಿಯ ವಿಚಾರ

೧

ಗ್ರಂಥವೊಂದರಲ್ಲಿ ಶಬ್ದದಿಂದ ಹೇಳಲ್ಪಟ್ಟ ಅರ್ಥದ ವಿಷಯದಲ್ಲಿ ವಾಚಕರಿಗೆ ಪ್ರಾಯಶಃ ವಿವಾದವುಂಟಾಗುವುದಿಲ್ಲ. ಹೇಳದೆ ಬಿಟ್ಟ ಅರ್ಥದ ವಿಷಯದಲ್ಲಿಯೇ ಕಲಹವು ಹುಟ್ಟುವುದು. ಬ್ರಿಟಿಷ್ ಸಾಮ್ರಾಜ್ಯವು ಕುಗ್ಗಿದ ಮೇಲೆ ಇಂಗ್ಲೆಂಡಿನಲ್ಲಿಯೂ, ಅದರ ಆಳಿಕೆಗೆ ಒಳಗಾಗಿದ್ದ ದೇಶಗಳಲ್ಲಿಯೂ ಹುಟ್ಟಿದ ಆಂಗ್ಲ ಸಾಹಿತ್ಯವನ್ನು ವ್ಯಾಖ್ಯಾನಿಸುವವರಲ್ಲಿ ಈ ಕಲಹವು ಈಗ ಮುಖ್ಯವಾಗಿದೆ. ಇದನ್ನು ವಿಚಾರಿಸುವ ವಿಮರ್ಶಾಮಾರ್ಗಕ್ಕೆ 'ವಸಾಹತೋತ್ತರ' ಎಂಬ ಹೆಸರು ರೂಢಿಯಲ್ಲಿದೆ.

ಇಲ್ಲಿ ಎರಡು ಪಕ್ಷಗಳಿವೆ. ಆಂಗ್ಲ ಗ್ರಂಥವು ಯಾವುದೇ ಇರಲಿ, ಅದರ ಮೌನದಲ್ಲೆಲ್ಲ ಸಾಮ್ರಾಜ್ಯವೇ ಅಡಗಿದೆ, ಅದನ್ನು ಹೊರಗೆಳೆಯುವುದೇ ವ್ಯಾಖ್ಯಾನವೆಂಬುದು ಒಂದು ಪಕ್ಷ. ಗ್ರಂಥವು ನುಡಿಯದುದನ್ನು ಗ್ರಂಥದ ಅರ್ಥವೆನ್ನುವುದು ವಾಚಕನ ಸ್ವಚ್ಛಂದವಲ್ಲದೆ ಮತ್ತೇನೂ ಅಲ್ಲವೆಂಬುದು ಇನ್ನೊಂದು ಪಕ್ಷ. ಮೊದಲನೆಯದನ್ನು ಒಪ್ಪಿದರೆ ಎಲ್ಲ ಗ್ರಂಥಗಳಿಗೂ ಒಂದೇ ಅರ್ಥವಾಗಿ, ಓದುವುದೇ ವ್ಯರ್ಥವಾಗುವುದು. ಎರಡನೆಯದನ್ನು ಒಪ್ಪಿದರೆ ಕಾವ್ಯದ ಜೀವವೇ ಹೋಗುವುದು. ಏಕೆಂದರೆ ಕಾವ್ಯದಲ್ಲಿ ಪರಮಾರ್ಥವು ಬಹುಮಟ್ಟಿಗೆ ಅನುಕ್ತವೇ. ಹೀಗೆ ಉಭಯತಃ ಪಾಶವಾಗಿರುವಲ್ಲಿ ವಿಚಾರಣೀಯವಾದ ಪ್ರಶ್ನೆಯು ಇಷ್ಟೇ: ಅನುಕ್ತವಾದ ಅರ್ಥವು ಗ್ರಂಥದ್ದೋ ವಾಚಕನದೋ ಎಂದು ನಿರ್ಣಯಿಸಲು ಪ್ರಮಾಣವೇನು?

ಈ ಪ್ರಶ್ನೆಯು ಭಾರತೀಯ ಶಾಸ್ತ್ರಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ಧ್ವನಿಯನ್ನು ಸ್ಥಾಪಿಸಿದಾಗ ಎದುರಿಸಿದ ಆಕ್ಷೇಪಗಳು ಇಂಥವೇ. ಧ್ವನಿಯೆಂದರೆ ಕೇಳಿದವನಿಗೆ ತೋರಿದುದೆಲ್ಲವೂ ಅಲ್ಲ. ವ್ಯಂಜನೆಯು ಯಾವ ವಿಶೇಷಗಳ ಬಲದಿಂದ ನಡೆಯುವುದೆಂಬುದನ್ನು ಮಮ್ಮಟನು ಪಟ್ಟಿಮಾಡಿರುವನು: ಹೇಳುವವನು ಯಾರು, ಕೇಳುವವನು ಯಾರು, ಸ್ವರದ ಕಾಕು ಎಂಥದು, ಸಮೀಪದಲ್ಲಿ ಬೇರೆ ಯಾರಿರುವರು, ಪ್ರಸ್ತಾವವೇನು, ದೇಶವಾವುದು, ಕಾಲವಾವುದು ಎಂಬಿವೇ ಮೊದಲಾದವು ಆ ವಿಶೇಷಗಳು. ಹಾಗೆಯೇ ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಾ-ವೇದಾಂತಸಂಪ್ರದಾಯದಲ್ಲಿ ಆರು ಲಿಂಗಗಳನ್ನು ಹೇಳಿರುವರು: ಉಪಕ್ರಮೋಪಸಂಹಾರಗಳ ಐಕ್ಯ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಇವು ಶ್ರುತಿವಾಕ್ಯಗಳಿಗಾಗಿ ಏರ್ಪಟ್ಟವು. ಕಾದಂಬರಿಗೆ ಅನ್ವಯಿಸುವಾಗ ಗೌಣವಾಗಿಯೇ ಅನ್ವಯಿಸಬೇಕು. ಆದರೂ ಇವುಗಳಲ್ಲಿ ಒಂದು ಗುಣವಿದೆ: ಇವೆಲ್ಲವೂ ಗ್ರಂಥದೊಳಗಿನ ಗುರುತುಗಳು, ವಾಚಕನ ಅಭಿಮತದಿಂದ ಹುಟ್ಟುವವಲ್ಲ.

ಆಂಗ್ಲ ಸಾಹಿತ್ಯವನ್ನು ಈ ದೃಷ್ಟಿಯಿಂದ ನೋಡುವ ಯತ್ನಕ್ಕೆ ಮೈಸೂರಿನಲ್ಲಿ ಪೂರ್ವಪರಂಪರೆಯುಂಟು. ಮಹಾರಾಜಾ ಕಾಲೇಜಿನಲ್ಲಿ ಆಂಗ್ಲಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಸಿ. ಡಿ. ನರಸಿಂಹಯ್ಯನವರು ೧೯೫೨ರಲ್ಲಿ 'ದಿ ಲಿಟರರಿ ಕ್ರೈಟೀರಿಯನ್' ಪತ್ರಿಕೆಯನ್ನು ಆರಂಭಿಸಿ, ಆಂಗ್ಲ ಭಾಷೆಯಲ್ಲಿ ಬರೆಯುವ ಇತರ ದೇಶಗಳ ಗ್ರಂಥಗಳಿಗೂ ಅಧ್ಯಯನದಲ್ಲಿ ಸ್ಥಾನ ಕೊಡಿಸಿದರು. ೧೯೭೯ರಲ್ಲಿ ತಾವು ಸ್ಥಾಪಿಸಿದ ಸಂಸ್ಥೆಗೆ 'ಧ್ವನ್ಯಾಲೋಕ' ಎಂದೇ ಹೆಸರಿಟ್ಟರು. ಆ ಹೆಸರಿನಲ್ಲಿ ಅಡಗಿರುವ ಸೂಚನೆಯನ್ನು ಒಂದು ಗ್ರಂಥದ ಮೇಲೆ ಪ್ರಯೋಗಿಸಿ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

೨

ಪರೀಕ್ಷೆಗೆ ತೆಗೆದುಕೊಂಡ ಗ್ರಂಥವು ಕಜುವೊ ಇಶಿಗುರೊ ಎಂಬಾತನ 'ದಿ ರಿಮೇನ್ಸ್ ಆಫ್ ದಿ ಡೇ'. ಇದು ೧೯೮೯ರಲ್ಲಿ ಪ್ರಕಟವಾಗಿ ಅದೇ ವರ್ಷ ಬುಕರ್ ಬಹುಮಾನವನ್ನು ಪಡೆಯಿತು. ೨೦೧೭ರಲ್ಲಿ ಗ್ರಂಥಕರ್ತನಿಗೆ ನೊಬೆಲ್ ಪಾರಿತೋಷಕವು ದೊರಕಿತು. ಕಥೆಯನ್ನು ಹೇಳುವವನು ಸ್ಟೀವನ್ಸ್ ಎಂಬ ಬಟ್ಲರನು, ಅಂದರೆ ದೊಡ್ಡ ಮನೆಯ ಪರಿಚಾರಕರೆಲ್ಲರ ಮೇಲೆ ಅಧಿಕಾರವುಳ್ಳ ಸೇವಕನು. ಅವನು ಡಾರ್ಲಿಂಗ್ಟನ್ ಪ್ರಭುವಿನ ಮನೆಯಲ್ಲಿ ಬಹುಕಾಲ ಸೇವೆ ಮಾಡಿದವನು. ಪ್ರಭುವು ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಜರ್ಮನಿಯ ಮೇಲಿನ ಕನಿಕರದಿಂದ ಆರಂಭಿಸಿ, ಕೊನೆಗೆ ನಾಜಿಗಳ ಕೈಗೊಂಬೆಯಾಗಿ ಅಪಕೀರ್ತಿಗೊಳಗಾಗಿ ಸತ್ತನು. ಮನೆಯನ್ನು ಫ್ಯಾರಡೇ ಎಂಬ ಅಮೆರಿಕದ ಧನಿಕನು ಕೊಂಡನು. ಮನೆಯ ಜೊತೆಯಲ್ಲಿ ಸ್ಟೀವನ್ಸನೂ ಅವನ ಪಾಲಿಗೆ ಬಂದನು. ಹೊಸ ಯಜಮಾನನ ಮೋಟಾರನ್ನು ಎರವಲು ಪಡೆದು, ಹಿಂದೆ ಅದೇ ಮನೆಯಲ್ಲಿ ಮೇಲ್ವಿಚಾರಕಿಯಾಗಿದ್ದ ಮಿಸ್ ಕೆಂಟನ್ನಳನ್ನು ಕಾಣಲು ಸ್ಟೀವನ್ಸನು ಪಶ್ಚಿಮ ಪ್ರಾಂತಗಳಿಗೆ ಹೊರಡುವನು. ದಾರಿಯಲ್ಲಿ ತನ್ನ ಪೂರ್ವಕಾಲವನ್ನು ನೆನೆಯುವನು. ಕಥೆಯ ಹೊರಮೈ ಇಷ್ಟೇ. ಇದರಲ್ಲಿ ಸಾಮ್ರಾಜ್ಯವೆಲ್ಲಿದೆ ಎಂದು ಪೂರ್ವಪಕ್ಷಿಯು ಕೇಳುವುದು ಸಹಜ.

ಉತ್ತರಕ್ಕೆ ಮೊದಲು ಈ ಗ್ರಂಥದ ಮಾತಿನ ಕ್ರಮವನ್ನು ತಿಳಿಯಬೇಕು. ಆಲಂಕಾರಿಕರು ವ್ಯಂಜಕವಾದ ಅರ್ಥವನ್ನು ವಿಭಾಗಿಸುವಾಗ, ಕವಿಯ ಪ್ರೌಢೋಕ್ತಿಯಿಂದ ಸಿದ್ಧವಾದುದನ್ನೂ ಕವಿಯು ಕಲ್ಪಿಸಿದ ವಕ್ತೃವಿನ ಪ್ರೌಢೋಕ್ತಿಯಿಂದ ಸಿದ್ಧವಾದುದನ್ನೂ ಬೇರೆಬೇರೆಯಾಗಿ ಎಣಿಸಿರುವರು. ಇಲ್ಲಿಯ ಮಾತೆಲ್ಲವೂ ಎರಡನೆಯ ಬಗೆಯದು. ಅಮೆರಿಕದ ವಿಮರ್ಶಕ ವೇನ್ ಬೂತನು ೧೯೬೧ರಲ್ಲಿ 'ನಂಬಲರ್ಹನಲ್ಲದ ನಿರೂಪಕ'ನೆಂಬ ಲಕ್ಷಣವನ್ನು ಹೇಳಿದನು. ಸ್ಟೀವನ್ಸನು ಅದಕ್ಕೆ ಉದಾಹರಣೆಯೆಂದು ಪ್ರಸಿದ್ಧನು. ಎರಡೂ ಲಕ್ಷಣಗಳು ಒಂದೇ ಅಲ್ಲ. ಬೂತನದು ವಕ್ತೃವಿನ ದೋಷವನ್ನು ಎತ್ತಿಹಿಡಿಯುವುದು, ಆಲಂಕಾರಿಕರದು ಅವನ ಮಾತಿನ ಸಾಮರ್ಥ್ಯವನ್ನು. ಆದರೆ ವಕ್ತೃವು ಯಾರೆಂದು ತಿಳಿಯದೆ ಮಾತಿನ ಅರ್ಥವನ್ನು ಹಿಡಿಯಬಾರದೆಂಬಲ್ಲಿ ಇಬ್ಬರಿಗೂ ಐಕಮತ್ಯವಿದೆ.

ಈ ವಕ್ತೃವಿನ ಸ್ವಭಾವವು ಒಂದು ಪ್ರಸಂಗದಲ್ಲಿ ಸ್ಪಷ್ಟವಾಗುವುದು. ೧೯೨೩ರ ಮಾರ್ಚಿಯಲ್ಲಿ ಪ್ರಭುವಿನ ಮನೆಯಲ್ಲಿ ಅನೇಕ ದೇಶಗಳ ಗಣ್ಯರು ಸೇರಿರುವಾಗ, ಸ್ಟೀವನ್ಸನ ತಂದೆಯು ಮಾಳಿಗೆಯ ಕೋಣೆಯಲ್ಲಿ ಪ್ರಾಣಬಿಡುವನು. ಮಗನು ಕೆಳಗೆ ಅತಿಥಿಗಳಿಗೆ ಮದ್ಯವನ್ನು ಹಂಚುತ್ತಲೇ ಇರುವನು. ತಾನು ಅತ್ತೆನೆಂದು ಅವನು ಎಲ್ಲಿಯೂ ಹೇಳುವುದಿಲ್ಲ. ಅಳುತ್ತಿರುವಂತೆ ಕಾಣುವೆಯಲ್ಲಾ ಎಂದು ಪ್ರಭುವೇ ಕೇಳಿದಾಗ ವಾಚಕನಿಗೆ ಆ ಕಣ್ಣೀರು ತಿಳಿಯುವುದು. ದಿನದ ದಣಿವಿನಿಂದ ಹೀಗಾಗಿದೆಯೆಂದು ಸ್ಟೀವನ್ಸನು ಮಾತು ಮುಗಿಸುವನು. ಅನುಭಾವವು ಇದೆ, ಆದರೆ ಅದು ಬರುವುದು ಅನ್ಯನ ಬಾಯಿಂದ. ಇದರಿಂದ ಗ್ರಂಥದ ನಿಯಮವೊಂದು ಸಿದ್ಧವಾಯಿತು: ಸ್ಟೀವನ್ಸನು ಯಾವುದನ್ನು ಮುಚ್ಚುವನೋ ಅದನ್ನು ಅವನ ಹತ್ತಿರವಿರುವ ಬೇರೆಯವರು ನುಡಿಯುವರು. ಈ ನಿಯಮವನ್ನು ಗ್ರಂಥವೇ ಕಲಿಸುವುದು. ಆದುದರಿಂದ ಇತರ ಮೌನಗಳನ್ನು ಓದುವಾಗಲೂ ಇದನ್ನು ಹಿಡಿಯುವುದು ನ್ಯಾಯವೇ.

೩

ಈಗ ಕಾಲವಿಶೇಷವನ್ನು ನೋಡಬೇಕು. ಪ್ರಯಾಣದ ಕಾಲವು ೧೯೫೬ರ ಜುಲೈ ತಿಂಗಳೆಂದು ಗ್ರಂಥದ ಮೊದಲಲ್ಲಿಯೇ ಬರೆದಿದೆ. ಆ ತಿಂಗಳ ೨೬ರಂದು ಈಜಿಪ್ಟಿನ ಅಧ್ಯಕ್ಷ ನಾಸರನು ಸೂಯೆಜ್ ಕಾಲುವೆಯ ಕಂಪೆನಿಯನ್ನು ರಾಷ್ಟ್ರದ ವಶಕ್ಕೆ ತೆಗೆದುಕೊಂಡನು. ಅದೇ ವರ್ಷದ ಶರತ್ಕಾಲದಲ್ಲಿ ಬ್ರಿಟನ್ನೂ ಫ್ರಾನ್ಸೂ ಇಸ್ರೇಲಿನೊಡನೆ ಕೂಡಿ ಈಜಿಪ್ಟಿನ ಮೇಲೆ ದಂಡೆತ್ತಿ, ಅಮೆರಿಕದ ಒತ್ತಡಕ್ಕೆ ಮಣಿದು ಹಿಂದಿರುಗಿದುವು. ಬ್ರಿಟನ್ನು ಲೋಕದ ಪ್ರಭುವಲ್ಲವೆಂಬುದು ಅಂದು ಸರ್ವವಿದಿತವಾಯಿತೆಂದು ಚರಿತ್ರಕಾರರು ಎಣಿಸುವರು. ಈ ಗ್ರಂಥದಲ್ಲಿ ಮಾತ್ರ ಸೂಯೆಜಿನ ಹೆಸರೇ ಇಲ್ಲ.

ಇಲ್ಲಿ ಪೂರ್ವಪಕ್ಷಿಯು ಎರಡು ಆಕ್ಷೇಪಗಳನ್ನು ಮಾಡಬಹುದು. ತಿಂಗಳು ಹೇಳಿದೆಯೇ ಹೊರತು ದಿನವನ್ನು ಹೇಳಿಲ್ಲ. ಪ್ರಯಾಣವು ೨೬ನೆಯ ತಾರೀಖಿಗೆ ಮುಂಚೆಯೇ ಮುಗಿದಿರಬಹುದು. ಅಲ್ಲದೆ ಒಂದು ಕಾಲವನ್ನು ಹೆಸರಿಸಿದ ಮಾತ್ರಕ್ಕೆ ಆ ಕಾಲದ ಸಮಸ್ತ ಘಟನೆಗಳೂ ಗ್ರಂಥಾರ್ಥವಾಗುವುದಾದರೆ ಅತಿಪ್ರಸಂಗವಾಗುವುದು. ಮೊದಲನೆಯ ಆಕ್ಷೇಪವು ದುರ್ಬಲ. ಕಾಲವಿಶೇಷವು ವ್ಯಂಜಕವಾಗುವುದು ಬೋದ್ಧವ್ಯನಿಗೆ, ಅಂದರೆ ೧೯೮೯ರಲ್ಲಿಯೋ ಅನಂತರದಲ್ಲಿಯೋ ಓದುವವನಿಗೆ. ಅವನಿಗೆ ಆ ತಿಂಗಳ ಹೆಸರೇ ಸಾಕು. ಎರಡನೆಯದು ಪ್ರಬಲವೇ. ಕಾಲವೊಂದರಿಂದಲೇ ತಾತ್ಪರ್ಯನಿರ್ಣಯವಾಗದು. ಆದುದರಿಂದಲೇ ಲಿಂಗಗಳ ಅಪೇಕ್ಷೆಯುಂಟಾಯಿತು.

ಉಪಕ್ರಮವು ಹೀಗಿದೆ. ಮೊದಲ ದಿನ ಸಾಲ್ಸ್‌ಬರಿಯ ಸಮೀಪದಲ್ಲಿ ಗುಡ್ಡದ ಮೇಲಿಂದ ನಾಡನ್ನು ನೋಡಿ, ತನ್ನ ದೇಶಕ್ಕೆ 'ಗ್ರೇಟ್' ಎಂಬ ವಿಶೇಷಣವು ಸಲ್ಲುವುದು ಏಕೆಂದು ಸ್ಟೀವನ್ಸನು ಚಿಂತಿಸುವನು. ಆಫ್ರಿಕ ಅಮೆರಿಕಗಳ ದೃಶ್ಯಗಳು ಆಡಂಬರದವು, ಇಂಗ್ಲೆಂಡಿನ ಭೂಮಿಯ ಹಿರಿಮೆಯು ಸಂಯಮದಲ್ಲಿದೆಯೆಂದು ತೀರ್ಮಾನಿಸಿ, ಕೂಡಲೇ ಬಟ್ಲರನ ಹಿರಿಮೆಯೇನೆಂಬ ಪ್ರಶ್ನೆಗೆ ದಾಟುವನು. ದೇಶದ ಮಹತ್ತ್ವವೂ ಸೇವಕನ ಮಹತ್ತ್ವವೂ ಒಂದೇ ಸೂತ್ರದಲ್ಲಿ ಕೋದಿರುವುದು ವಕ್ತೃವಿನಿಂದಲೇ, ವ್ಯಾಖ್ಯಾನಕಾರನಿಂದಲ್ಲ. ಉಪಸಂಹಾರದಲ್ಲಿ ವೇಮತ್ ಪಟ್ಟಣದ ಕಡಲಕಟ್ಟೆಯ ಮೇಲೆ ಸಂಜೆ ಕುಳಿತು, ಪ್ರಭುವಾದರೂ ತನ್ನ ತಪ್ಪುಗಳನ್ನು ತಾನೇ ಮಾಡಿದನು, ತಾನು ಅವನನ್ನು ನಂಬಿದ್ದರಿಂದ ಅಷ್ಟನ್ನೂ ಹೇಳಿಕೊಳ್ಳಲಾರೆನೆಂದು ಅವನು ಒಪ್ಪುವನು. ಅನಂತರ ಅಮೆರಿಕದ ಯಜಮಾನನನ್ನು ಮೆಚ್ಚಿಸಲು ಹಾಸ್ಯೋಕ್ತಿಯನ್ನು ಅಭ್ಯಾಸಮಾಡುವೆನೆಂದು ನಿಶ್ಚಯಿಸುವನು. ಮಹತ್ತ್ವದ ವಿಚಾರದಿಂದ ಹೊರಟುದು ಹೊಸ ಒಡೆಯನ ಸೇವೆಯಲ್ಲಿ ನಿಲ್ಲುವುದು. ದೇಶ-ಸೇವಕರನ್ನು ಮೊದಲೇ ಒಂದಾಗಿಸಿದ್ದರಿಂದ ಈ ಗತಿಯು ಇಬ್ಬರಿಗೂ ಸಲ್ಲುವುದು.

ಅಭ್ಯಾಸವೆಂದರೆ ಪುನಃಪುನಃ ಕಥನ. ಸಾಮ್ರಾಜ್ಯವು ಇಲ್ಲಿ ಒಮ್ಮೆ ಮಾತ್ರ ಇಣುಕುವುದಿಲ್ಲ. ಸ್ಟೀವನ್ಸನ ಅಣ್ಣ ಲಿಯೊನಾರ್ಡನು ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಸತ್ತವನು. ಅವನ ಸಾವಿಗೆ ಕಾರಣವಾದುದು ಬೋಯರರ ಜನವಸತಿಗಳ ಮೇಲೆ ನಡೆಸಿದ, ಹೊಣೆಗೇಡಿಯಾದ ಒಂದು ದಾಳಿ. ಅದಕ್ಕೆ ಹೊಣೆಯಾದ ಸೇನಾಪತಿಯೇ ಮುಂದೆ ಅತಿಥಿಯಾಗಿ ಬಂದಾಗ, ಸತ್ತವನ ತಂದೆಯು ದ್ವೇಷವನ್ನು ನುಂಗಿ ಅವನ ಪರಿಚರ್ಯೆಯನ್ನು ಮಾಡುವನು. ಇನ್ನು ತಂದೆಯು ಮತ್ತೆಮತ್ತೆ ಹೇಳುತ್ತಿದ್ದ ಕಥೆಯೊಂದಿದೆ: ಯಜಮಾನನೊಡನೆ ಇಂಡಿಯಾಕ್ಕೆ ಬಂದ ಬಟ್ಲರನೊಬ್ಬನು ಊಟದ ಮೇಜಿನ ಕೆಳಗೆ ಹುಲಿ ಮಲಗಿರುವುದನ್ನು ಕಂಡು, ಗದ್ದಲವಿಲ್ಲದೆ ಯಜಮಾನನ ಅಪ್ಪಣೆ ಪಡೆದು ಕೊಂದು, ಊಟವು ವಾಡಿಕೆಯ ಹೊತ್ತಿಗೇ ಆಗುವುದೆಂದೂ ಅಷ್ಟರೊಳಗೆ ನಡೆದುದರ ಗುರುತೇನೂ ಉಳಿಯದೆಂದೂ ಅರಿಕೆಮಾಡಿದನಂತೆ.

ಈ ಹುಲಿಯ ಕಥೆಯು ಅಭ್ಯಾಸವಷ್ಟೇ ಅಲ್ಲ, ಅರ್ಥವಾದವೂ ಅಹುದು. ಬಟ್ಲರನ ಘನತೆಯನ್ನು ಸ್ತುತಿಸುವುದಕ್ಕಾಗಿ ಹೇಳಿದ ಆಖ್ಯಾನವಿದು. ಮೀಮಾಂಸಕರ ಮತದಲ್ಲಿ ಅರ್ಥವಾದವು ಸ್ವಾರ್ಥದಲ್ಲಿ ಪ್ರಮಾಣವಲ್ಲ. ಯಾವುದನ್ನು ಸ್ತುತಿಸುವುದೋ ಅದರಲ್ಲಿ ಅದರ ಪ್ರಾಮಾಣ್ಯ. ಹುಲಿಯಿತ್ತೇ ಇಲ್ಲವೇ ಎಂಬುದು ಅಪ್ರಕೃತ. ಸ್ತುತ್ಯವಾದ ಘನತೆಯೆಂದರೆ, ಅನ್ಯರ ದೇಶದಲ್ಲಿ ಹಿಂಸೆಯು ನಡೆದು ಊಟದ ಹೊತ್ತಿಗೆ ಅದರ ಕುರುಹು ಅಳಿದಿರುವುದು ಎಂಬುದೇ ಪ್ರಕೃತ. ಸ್ಟೀವನ್ಸನ ಆದರ್ಶವೆಲ್ಲವೂ ಈ ಆಖ್ಯಾನದ ಮೇಲೆ ನಿಂತಿದೆ.

ಉಪಪತ್ತಿಯು ಡೆವನ್ ಪ್ರಾಂತದ ಮಾಸ್ಕೊಂಬ್ ಎಂಬ ಹಳ್ಳಿಯಲ್ಲಿ ದೊರಕುವುದು. ಮೋಟಾರು ನಿಂತುಹೋಗಿ ರಾತ್ರಿ ಅಲ್ಲಿ ತಂಗಿದ ಸ್ಟೀವನ್ಸನನ್ನು ಹಳ್ಳಿಗರು ದೊಡ್ಡಮನುಷ್ಯನೆಂದು ಭ್ರಮಿಸುವರು. ಹ್ಯಾರಿ ಸ್ಮಿತ್ ಎಂಬವನು, ಘನತೆಯು ದೊಡ್ಡವರ ಸೊತ್ತಲ್ಲ, ಸ್ವತಂತ್ರನಾದ ಪ್ರತಿಯೊಬ್ಬನ ಹಕ್ಕು, ಹಿಟ್ಲರನೊಡನೆ ಯುದ್ಧ ಮಾಡಿದುದು ಅದಕ್ಕಾಗಿಯೇ ಎಂದು ವಾದಿಸುವನು. ಆದರೆ ಅದೇ ಸ್ಮಿತ್ತನು, ಊರಿನ ವೈದ್ಯನು ಸಣ್ಣ ಸಣ್ಣ ದೇಶಗಳೆಲ್ಲ ಸ್ವತಂತ್ರವಾಗಬೇಕೆನ್ನುವವನು, ಅದು ತಪ್ಪೆಂದು ಸಾಧಿಸುವ ವಿದ್ಯೆಯು ತನಗಿಲ್ಲದಿದ್ದರೂ ತಪ್ಪೆಂಬುದು ತನಗೆ ಗೊತ್ತು ಎಂದು ಹೇಳುವನು. ಇಲ್ಲಿ ವಿಷಯವು ವಾಚ್ಯವೇ ಆಯಿತು. ತಂದೆಯ ಮರಣದಲ್ಲಿ ಕಂಡ ನಿಯಮವು ಇಲ್ಲಿಯೂ ನಡೆಯಿತು: ಸ್ಟೀವನ್ಸನು ಮುಚ್ಚಿದುದನ್ನು ಹತ್ತಿರದವನು ನುಡಿದನು. ೧೯೫೬ರ ಜುಲೈಯಲ್ಲಿ ಒಬ್ಬ ಆಂಗ್ಲ ಹಳ್ಳಿಗನ ಬಾಯಿಯಲ್ಲಿ ಸಣ್ಣ ದೇಶಗಳ ಸ್ವಾತಂತ್ರ್ಯದ ಮಾತನ್ನು ಇಟ್ಟ ಮೇಲೆ, ಆ ತಿಂಗಳ ಹೆಸರು ಕಾಕತಾಳೀಯವೆನ್ನಲು ಅವಕಾಶವಿಲ್ಲ.

ಉಳಿದುದು ಫಲ ಮತ್ತು ಅಪೂರ್ವತೆ. ಫಲವೆಂದರೆ ಗ್ರಂಥಾರ್ಥವನ್ನು ಗ್ರಹಿಸುವುದರಿಂದ ಆಗುವ ಪ್ರಯೋಜನ. ಅದು ಇಲ್ಲಿ ವಾಚಕನಲ್ಲಿ ಹುಟ್ಟುವ ವಿವೇಕ. ಯಹೂದ್ಯರಾದ ಇಬ್ಬರು ಸೇವಕಿಯರನ್ನು ಪ್ರಭುವಿನ ಅಪ್ಪಣೆಯಂತೆ ಹೊರಗೆ ಕಳುಹಿಸುವಾಗ ಸ್ಟೀವನ್ಸನು ತನ್ನ ಮನಸ್ಸಿನ ಅಸಮ್ಮತಿಯನ್ನು ಬಾಯಿಗೆ ತರಲಿಲ್ಲ. ಅದನ್ನು ಓದಿದವನು, ಸೇವೆಯ ನಿಷ್ಠೆಯೆಂಬುದು ಎಲ್ಲಿ ಗುಣ ಎಲ್ಲಿ ದೋಷವೆಂದು ತನ್ನನ್ನೇ ಕೇಳಿಕೊಳ್ಳದೆ ಇರಲಾರನು. ಅಪೂರ್ವತೆಯೆಂದರೆ ಅನ್ಯಪ್ರಮಾಣದಿಂದ ತಿಳಿಯದುದನ್ನು ತಿಳಿಸುವುದು. ಸೂಯೆಜಿನ ವೃತ್ತಾಂತವು ಚರಿತ್ರೆಯಿಂದಲೇ ತಿಳಿಯುವುದು. ಅದಕ್ಕೆ ಕಾದಂಬರಿಯು ಬೇಕಿಲ್ಲ. ಸಾಮ್ರಾಜ್ಯವು ಆಳಿದವರ ದೇಶದೊಳಗೇ, ಆಳದೆ ಊಳಿಗ ಮಾಡಿದವನ ಮನಸ್ಸಿನಲ್ಲಿ, ಸಂಯಮ-ಘನತೆಗಳೆಂಬ ಸದ್ಗುಣಗಳ ರೂಪದಿಂದ ಮನೆಮಾಡಿಕೊಂಡಿತ್ತು ಎಂಬುದು ಮಾತ್ರ ಚರಿತ್ರೆಯ ದಾಖಲೆಗಳಿಂದ ಹೀಗೆ ಅನುಭವಕ್ಕೆ ಬರುವುದಿಲ್ಲ. ಈ ಗ್ರಂಥದ ಅಪೂರ್ವಾರ್ಥವು ಇದು.

ಇಲ್ಲಿಯ ಪ್ರಧಾನವು ವ್ಯರ್ಥವಾದ ಒಂದು ಜೀವದ ಕರುಣರಸ, ಸಾಮ್ರಾಜ್ಯವಿಷಯವು ಅದಕ್ಕೆ ಪರಿಕರ ಮಾತ್ರವೆಂದು ಕೆಲವರು ಹೇಳಬಹುದು. ಇದಕ್ಕೆ ಸಮಾಧಾನವುಂಟು. ಮಿಸ್ ಕೆಂಟನ್ನಳು ತಮ್ಮಿಬ್ಬರ ಬಾಳು ಬೇರೆಯಾಗಿರಬಹುದಾಗಿತ್ತೆಂದಾಗ, ತನ್ನ ಎದೆಯೊಡೆಯಿತೆಂದು ಸ್ಟೀವನ್ಸನು ಓದುಗನಿಗೆ ಒಮ್ಮೆ ಒಪ್ಪಿಕೊಳ್ಳುವನು. ಸ್ವಂತದ ದುಃಖವು ಹೀಗೆ ವಾಚ್ಯವಾಗುವುದು; ದೇಶದ ಪತನವು ಎಂದಿಗೂ ಅವನ ಮಾತಿನಲ್ಲಿ ವಾಚ್ಯವಾಗುವುದಿಲ್ಲ. ವಸ್ತುಧ್ವನಿಯು ಕೊನೆಗೆ ರಸದಲ್ಲಿಯೇ ವಿಶ್ರಮಿಸುವುದೆಂಬುದು ಧ್ವನಿಸಿದ್ಧಾಂತಿಗಳ ಮತ. ಇಲ್ಲಿಯೂ ಹಾಗೆಯೇ, ಒಬ್ಬ ಸೇವಕನನ್ನು ಆಲಂಬನವಾಗಿ ಪಡೆದ ಕರುಣವು, ಸಾಮ್ರಾಜ್ಯಧ್ವನಿಯ ಬಲದಿಂದ ಒಂದು ಜನಾಂಗವನ್ನೇ ಆಲಂಬನವಾಗಿ ಪಡೆಯುವುದು. ಆ ಧ್ವನಿಯನ್ನು ತೆಗೆದರೆ ರಸವು ನಷ್ಟವಾಗದು, ಕುಗ್ಗುವುದು.

೪

ಇದೇ ಒರೆಗಲ್ಲಿನಲ್ಲಿ ಬೇರೆ ಫಲವು ಬರುವ ಗ್ರಂಥವೊಂದನ್ನು ನೋಡಿದರೆ ಒರೆಗಲ್ಲಿನ ಯೋಗ್ಯತೆಯು ತಿಳಿಯುವುದು. ಜೇನ್ ಆಸ್ಟೆನ್ನಳ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' (೧೮೧೪) ಈಚಿನ ಗ್ರಂಥವಲ್ಲ. ಆದರೆ ವಸಾಹತೋತ್ತರ ವ್ಯಾಖ್ಯಾನದ ವಿವಾದವು ಇದರ ಮೇಲೆಯೇ ಬಹಳವಾಗಿ ನಡೆದಿದೆ. ಮನೆಯ ಯಜಮಾನ ಸರ್ ಥಾಮಸನಿಗೆ ವೆಸ್ಟ್ ಇಂಡೀಸಿನ ಆಂಟಿಗ್ವಾ ದ್ವೀಪದಲ್ಲಿ ಆಸ್ತಿಯುಂಟು; ಅದನ್ನು ನೋಡಿಕೊಳ್ಳಲು ಅವನು ಅಲ್ಲಿಗೆ ಹೋಗುವನು. ಹಿಂದಿರುಗಿದ ಮೇಲೆ ಫ್ಯಾನಿಯು ಅವನನ್ನು ಗುಲಾಮರ ವ್ಯಾಪಾರದ ವಿಷಯವಾಗಿ ಕೇಳಿದಳೆಂದೂ, ಆಗ ಮನೆಯವರೆಲ್ಲ ಮೌನವಾಗಿದ್ದರೆಂದೂ ಒಂದು ಸಂಭಾಷಣೆಯಿಂದ ತಿಳಿಯುವುದು. ಎಡ್ವರ್ಡ್ ಸಯೀದನು ೧೯೯೩ರ ತನ್ನ 'ಕಲ್ಚರ್ ಅಂಡ್ ಇಂಪೀರಿಯಲಿಸಂ' ಎಂಬ ಗ್ರಂಥದಲ್ಲಿ, ಈ ಮನೆಯ ಸುವ್ಯವಸ್ಥೆಯು ಆ ದ್ವೀಪದ ಆಸ್ತಿಯನ್ನು ಅವಲಂಬಿಸಿದೆಯೆಂದು ಪ್ರತಿಪಾದಿಸಿದನು. ಇದು ಗ್ರಂಥದ ಮೇಲೆ ಹೊರಿಸಿದ ಅರ್ಥವೆಂದು ಹಲವರು ಪ್ರತಿಭಟಿಸಿದರು.

ಲಿಂಗಗಳನ್ನು ಹಿಡಿದು ನೋಡಿದರೆ ಎರಡು ಪಕ್ಷಕ್ಕೂ ಅರ್ಧ ಜಯ. ಮೂವರು ಅಕ್ಕತಂಗಿಯರ ವಿವಾಹಗಳಿಂದ ಉಪಕ್ರಮವಾಗುವುದು. ಫ್ಯಾನಿಯ ವಿವಾಹದಿಂದಲೂ ಅವಳು ಮ್ಯಾನ್ಸ್‌ಫೀಲ್ಡಿನಲ್ಲಿ ನೆಲೆಸುವುದರಿಂದಲೂ ಉಪಸಂಹಾರವಾಗುವುದು. ಅಭ್ಯಾಸವು ಶಿಕ್ಷಣ-ಶೀಲಗಳದು, ಆಂಟಿಗ್ವಾದ ಹೆಸರು ವಿರಳವಾಗಿ ಬರುವುದು, ಗುಲಾಮವ್ಯಾಪಾರದ ಮಾತು ಒಮ್ಮೆ ಮಾತ್ರ. ಆದುದರಿಂದ ಸಾಮ್ರಾಜ್ಯವು ಇಲ್ಲಿ ಪ್ರಧಾನ ತಾತ್ಪರ್ಯವಲ್ಲ. ಆದರೆ ಸರ್ ಥಾಮಸನು ದೂರವಿಲ್ಲದಿದ್ದರೆ ಮನೆಯಲ್ಲಿ ನಾಟಕದ ಗದ್ದಲವಿಲ್ಲ. ಆ ಆಸ್ತಿಯ ನೆರವಿಲ್ಲದೆ ಕಥೆಯ ಗತಿಯು ಸಿದ್ಧಿಸದು. ಆ ಮೌನವೂ ಕವಯಿತ್ರಿಯೇ ಇಟ್ಟ ಮೌನ. ವಾಚ್ಯಾರ್ಥದ ಸಿದ್ಧಿಗೆ ಅಂಗವಾದ ವ್ಯಂಗ್ಯವನ್ನು ಮಮ್ಮಟನು ಗುಣೀಭೂತವ್ಯಂಗ್ಯದ ಭೇದಗಳಲ್ಲಿ ಎಣಿಸಿರುವನು; ಇದನ್ನು ಆ ಜಾತಿಗೆ ಸೇರಿಸಬಹುದು. ಇಲ್ಲವೆನ್ನುವುದೂ ಸಲ್ಲದು, ಎಲ್ಲವೂ ಅದೇ ಎನ್ನುವುದೂ ಸಲ್ಲದು.

ಮೂರನೆಯ ಬಗೆಯೂ ಒಂದುಂಟು. ಡೊಮಿನಿಕ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸಳು ೧೯೬೬ರಲ್ಲಿ ಪ್ರಕಟಿಸಿದ 'ವೈಡ್ ಸರ್ಗ್ಯಾಸೊ ಸೀ' ಎಂಬ ಕಾದಂಬರಿಯಲ್ಲಿ, ಷಾರ್ಲಟ್ ಬ್ರಾಂಟೆಯ 'ಜೇನ್ ಐರ್' (೧೮೪೭) ಗ್ರಂಥದ ಅಟ್ಟದಲ್ಲಿ ಬಂಧಿತಳಾದ ಹುಚ್ಚಿ ಹೆಂಡತಿಗೆ ಬಾಲ್ಯವನ್ನೂ ಊರನ್ನೂ ಹೆಸರನ್ನೂ ಕೊಟ್ಟಳು. ಪೂರ್ವಗ್ರಂಥದಲ್ಲಿ ಮೌನವಾಗಿದ್ದುದು ಉತ್ತರಗ್ರಂಥದಲ್ಲಿ ವಾಚ್ಯವಾಯಿತು. ಆ ವಾಚ್ಯವು ರೀಸಳ ಕೃತಿಯ ಅರ್ಥ. ಬ್ರಾಂಟೆಯ ಕೃತಿಗೆ ಅದು ಒಂದು ವ್ಯಾಖ್ಯಾನ. ಒಂದರ ತಾತ್ಪರ್ಯವನ್ನು ಇನ್ನೊಂದರದೆಂದು ಬೋಧಿಸುವುದು ಅಧ್ಯಾಪಕರು ಎಚ್ಚರದಿಂದ ಬಿಡಬೇಕಾದ ದೋಷ.

೫

ಕೊನೆಗೆ ಒಂದು ಅಪಪ್ರಮಾಣವನ್ನು ಹೇಳಬೇಕಾಗಿದೆ. ಇಶಿಗುರೊ ೧೯೫೪ರಲ್ಲಿ ಜಪಾನಿನ ನಾಗಸಾಕಿಯಲ್ಲಿ ಹುಟ್ಟಿ, ಐದನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋದವನು. ಅದರಿಂದ ಸ್ಟೀವನ್ಸನ ಸಂಯಮವನ್ನು ಜಪಾನೀಯರ ಸ್ವಭಾವವೆಂದು ವಿವರಿಸುವವರುಂಟು. ಇದಕ್ಕೆ ಗ್ರಂಥದಲ್ಲಿ ಯಾವ ಲಿಂಗವೂ ಇಲ್ಲ. ಗ್ರಂಥಕರ್ತನ ಜನ್ಮಸ್ಥಳವು ವಕ್ತೃವಿಶೇಷವಲ್ಲ. ಇಲ್ಲಿ ವಕ್ತೃವು ಸ್ಟೀವನ್ಸನು. ಇದೇ ಗ್ರಂಥಕರ್ತನು ೧೯೮೬ರ 'ಆ್ಯನ್ ಆರ್ಟಿಸ್ಟ್ ಆಫ್ ದಿ ಫ್ಲೋಟಿಂಗ್ ವರ್ಲ್ಡ್' ಎಂಬ ಕಾದಂಬರಿಯಲ್ಲಿ, ಜಪಾನಿನ ಯುದ್ಧೋದ್ಯಮಕ್ಕೆ ತನ್ನ ಕಲೆಯನ್ನು ತೆತ್ತ ವೃದ್ಧ ಚಿತ್ರಕಾರನೊಬ್ಬನ ಬಾಯಲ್ಲಿ ಇಂಥದೇ ಮುಚ್ಚುಮರೆಯ ಕಥನವನ್ನು ಇಟ್ಟಿದ್ದನು. ಒಂದು ಪಕ್ಷದಲ್ಲಿ ಜಪಾನಿನ ಸಾಮ್ರಾಜ್ಯ, ಇನ್ನೊಂದರಲ್ಲಿ ಬ್ರಿಟನ್ನಿನದು. ಸೇವೆಯ ಹೆಸರಿನಲ್ಲಿ ತನ್ನ ವಿವೇಕವನ್ನು ಒಪ್ಪಿಸಿಕೊಟ್ಟವನ ದುರವಸ್ಥೆಯು ಎರಡರಲ್ಲಿಯೂ ಸಮಾನ. ಅದು ಯಾವ ಒಂದು ಕುಲಕ್ಕೂ ಸೇರಿದುದಲ್ಲ.

ಆದುದರಿಂದ ಸಿದ್ಧವಾದುದು ಇಷ್ಟು. ಅನುಕ್ತಾರ್ಥವು ಗ್ರಂಥದ್ದೆನ್ನಲು ಕಾಲ-ದೇಶಗಳ ವಿಶೇಷವೂ ಬೇಕು, ಗ್ರಂಥವೇ ಕಲಿಸಿದ ಓದಿನ ನಿಯಮವೂ ಬೇಕು, ಲಿಂಗಗಳ ಸಾಮಗ್ರಿಯೂ ಬೇಕು. ಮೂರೂ ಕೂಡಿದಲ್ಲಿ ಧ್ವನಿ. ಕೆಲವು ಮಾತ್ರ ಇದ್ದಲ್ಲಿ ಗುಣೀಭೂತ. ಯಾವುದೂ ಇಲ್ಲದಲ್ಲಿ ಅದು ವಾಚಕನ ಭಾವನೆಯೇ. ಸಾಮ್ರಾಜ್ಯಕ್ಕೆ ಒಳಗಾಗಿದ್ದ ದೇಶದ ವಿದ್ಯಾರ್ಥಿಗಳಿಗೆ ಈ ವಿವೇಕವು ವಿಶೇಷವಾಗಿ ಅಗತ್ಯ. ಆಳಿದವರ ಗ್ರಂಥಗಳನ್ನು ಬಾಯಿಪಾಠಮಾಡಿ ಸ್ತುತಿಸುವುದು ಒಂದು ಪರಾಧೀನತೆ. ಅವುಗಳಲ್ಲೆಲ್ಲ ಅಪರಾಧವನ್ನೇ ಕಾಣುವೆವೆಂದು ಮೊದಲೇ ನಿಶ್ಚಯಿಸಿ ಓದುವುದು ಮತ್ತೊಂದು. ಹುಲಿಯ ಕುರುಹನ್ನು ಅಳಿಸಿದವನ ಘನತೆಯನ್ನು ಮೆಚ್ಚಿ ಮುಂದೆ ಹೋಗುವವನೂ ಓದಲಿಲ್ಲ. ಎಲ್ಲ ಮೇಜುಗಳ ಕೆಳಗೂ ಹುಲಿಯಿದೆಯೆನ್ನುವವನೂ ಓದಲಿಲ್ಲ. ಎಲ್ಲಿ ಕುರುಹು ಉಳಿದಿದೆಯೋ ಅಲ್ಲಿ ನಿಂತು ಅದನ್ನು ತೋರಿಸುವುದೇ ವ್ಯಾಖ್ಯಾನಕಾರನ ಕೆಲಸ.